ನಡುಗಡ್ಡೆಯ ಗಿಡ್ಡಮ್ಮ ಮತ್ತು ನಮ್ಮ ಭಾವನ ಸಾರು

ನಮ್ಮ ಭಾವ ವಾಸುದೇವಾಚಾರ್ಯರು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದವರು. ಮದುವೆಯೋ ಮುಂಜಿಯೋ ನಿಶ್ಚಯವಾದರೆ ಮೊದಲು ಅವರ ಮನೆಗೆ ವೀಳ್ಯ ಕಳಿಸಿ, ಆಮೇಲೆ ಪುರೋಹಿತರಿಗೆ ಹೇಳಿಕಳಿಸುವವರಿದ್ದರು. ನಾನು ವಿಠ್ಠಲ, ಅವರ ಹೆಂಡತಿ ಗಂಗಾಬಾಯಿಯ ತಮ್ಮ. ಇಪ್ಪತ್ತೆರಡು ವರ್ಷ ಅವರ ಪಕ್ಕದಲ್ಲಿ ಕೂತು ಕಾಯಿ ತುರಿದಿದ್ದೇನೆ, ಬದನೆಕಾಯಿ ಹೆಚ್ಚಿದ್ದೇನೆ, ಬೈಸಿಕೊಂಡಿದ್ದೇನೆ. ಹೊಗಳಿಕೆ ಅವರ ಪಾಲಿಗೆ, ಹೊಗೆ ನನ್ನ ಪಾಲಿಗೆ. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ. ಸ್ವಲ್ಪ ಸಿಟ್ಟು ಇದ್ದದ್ದೂ ಸುಳ್ಳಲ್ಲ.

ಒಂದು ಮಾತನ್ನು ಬಿಡಿಸಿ ಹೇಳಬೇಕು. ನಮ್ಮ ಜನರಲ್ಲಿ ದೇವರಿಗೆ ನೈವೇದ್ಯವಾಗುವ ತನಕ ಅಡುಗೆಯ ಒಂದು ಹನಿಯನ್ನೂ ಯಾರೂ ಬಾಯಿಗೆ ಹಾಕುವಂತಿಲ್ಲ. ಐನೂರು ಎಲೆಯ ಸಾರಾದರೂ ಅಷ್ಟೇ, ಮಾಡಿದವನು ರುಚಿ ನೋಡದೆ ಇಳಿಸಬೇಕು. ಹಾಗಾದರೆ ಉಪ್ಪು ಸರಿಹೋಯಿತೋ ಇಲ್ಲವೋ ತಿಳಿಯುವುದು ಹೇಗೆ? ಭಾವ ಕೊಪ್ಪರಿಗೆಯಿಂದ ಎರಡು ಮೊಳ ದೂರ ನಿಂತು, ಕುದಿಯ ಆವಿ ಮುಖಕ್ಕೆ ಬಂದಾಗ ಕಣ್ಣು ಮುಚ್ಚುತ್ತಿದ್ದರು. "ಅರ್ಧ ಹಿಡಿ ಹಾಕು" ಅನ್ನುತ್ತಿದ್ದರು, ಇಲ್ಲವೆ "ಇಳಿಸು" ಅನ್ನುತ್ತಿದ್ದರು. ಒಂದು ದಿನವೂ ತಪ್ಪಿದ್ದಿಲ್ಲ. ನನಗೆ ಆ ವಿದ್ಯೆ ಹತ್ತಲೇ ಇಲ್ಲ. ನನ್ನ ಮೂಗಿಗೆ ಕುದಿಯುವುದೆಲ್ಲ ಒಂದೇ.

ವಿಕೃತಿ ಸಂವತ್ಸರದಲ್ಲಿ ಊರಿಗೆ ಊರೇ ನೆಗಡಿ ಜ್ವರದಿಂದ ಮಲಗಿತಲ್ಲ, ಆಗ ಭಾವನೂ ಹದಿನೈದು ದಿನ ಮಲಗಿ ಎದ್ದರು. ಅವರೇನೋ ಎದ್ದರು, ಅವರ ಮೂಗು ಏಳಲಿಲ್ಲ. ಯಾರಿಗೂ ಹೇಳಲಿಲ್ಲ. ನನಗೆ ತಿಳಿದದ್ದು ಒಂದು ದಿನ ಒಗ್ಗರಣೆ ಹೊತ್ತಿದಾಗ. ಸಾಸಿವೆ ಕರ್ರಗಾಗಿ ಮನೆತುಂಬ ಘಾಟು, ಅಕ್ಕ ಸೆರಗು ಮೂಗಿಗೆ ಹಿಡಿದುಕೊಂಡು ಅಂಗಳಕ್ಕೆ ಓಡಿದಳು, ಭಾವ ಮಾತ್ರ ಸೌಟು ಹಿಡಿದು ಸಮಾಧಾನವಾಗಿ ಬಾಣಲೆಯ ಮುಂದೆ ನಿಂತಿದ್ದಾರೆ. ನಾನು ಬಾಣಲೆ ಕೆಳಗಿಳಿಸಿದೆ. ಅವರು ನನ್ನ ಮುಖ ನೋಡಿ, "ಸೌದಿ ಹಸೀ ಇತ್ತು" ಅಂದರು. "ಹೌದು ಭಾವಾ" ಅಂದೆ. ಅಂದಿನಿಂದ ಇಬ್ಬರೂ ಸುಳ್ಳರಾದೆವು.

ಉಪ್ಪು ಹೆಚ್ಚಾದರೆ ತೆಗೆಯಲಾಗದು ಎಂಬ ಹೆದರಿಕೆಯಿಂದ ಅವರು ಎಲ್ಲಕ್ಕೂ ಕಡಿಮೆ ಹಾಕತೊಡಗಿದರು. ನಮ್ಮಲ್ಲಿ ಎಲೆಗೆ ಮೊದಲು ಬಡಿಸುವುದೇ ಉಪ್ಪು. ಜನ ಅದನ್ನೇ ಚಿವುಟಿ ಸಾರಿಗೆ ಕಲಸಿಕೊಂಡು ಉಣ್ಣತೊಡಗಿದರು. ಎಲೆಯ ಉಪ್ಪು ಮುಗಿಯುತ್ತಿತ್ತು. ನಾನು ಎರಡನೆಯ ಸಲ ಉಪ್ಪಿನ ಬಟ್ಟಲು ಹಿಡಿದು ಸಾಲಿನಲ್ಲಿ ಓಡಾಡುವುದು ರೂಢಿಯಾಯಿತು. ಬ್ರೂಸ್‌ಪೇಟೆಯ ಬಾಯಿಗಳು ಯಾವುದಕ್ಕೂ ಮುಚ್ಚುವಂಥವಲ್ಲ. ಭಾವನ ಮೇಲಿನ ಗೌರವಕ್ಕೆ ಇದೊಂದಕ್ಕೆ ಮುಚ್ಚಿದವು. ಒಂದೂವರೆ ವರ್ಷ ಯಾರೂ ಅವರಿಗೆ ಹೇಳಲಿಲ್ಲ, ಬಗಲಲ್ಲೇ ಇದ್ದ ನಾನೂ ಹೇಳಲಿಲ್ಲ.

ಖರ ಸಂವತ್ಸರದ ಮಾಘದಲ್ಲಿ ಸಿರುಗುಪ್ಪದಿಂದ ವೀಳ್ಯ ಬಂತು. ಅಲ್ಲಿ ತಿರುಮಲಮ್ಮ ಎಂಬ ದೊಡ್ಡ ಮನೆತನದ ಮುದುಕಿ, ಮೊಮ್ಮಗಳ ಮದುವೆ, ಮುನ್ನೂರು ಎಲೆ. ಕೆಂಪು ಸೀರೆಯ ಮಡಿ ಹೆಂಗಸು, ಬಾವಿಯ ಹಗ್ಗವನ್ನೂ ತೊಳೆಸಿ ನೀರು ಸೇದಿಸುವವಳು ಎಂದು ಹೆಸರು. ನಾನು ಬೇಡವೆಂದೆ. ಭಾವ ವೀಳ್ಯ ತೆಗೆದುಕೊಂಡೇ ಬಿಟ್ಟರು.

ಕೌಲ್ ಬಜಾರಿನ ಪಕ್ಕೀರಪ್ಪನ ಜೋಡೆತ್ತಿನ ಗಾಡಿ ಗೊತ್ತು ಮಾಡಿಕೊಂಡು ಹೊರಟೆವು. ನೆಂಟರ ಮನೆಗೆ ಹೋಗಿದ್ದ ನಮ್ಮ ಎರಡು ತಾಮ್ರದ ಕೊಪ್ಪರಿಗೆ ಕುರುಗೋಡಿನಲ್ಲಿದ್ದವು, ಅದಕ್ಕೆ ಆ ದಾರಿ. ಮೊದಲ ದಿನ ಕುರುಗೋಡು. ಮರುದಿನ ಬಾದನಹಟ್ಟಿ ದಾಟುವಾಗ ದಾರಿಯ ಎಡಕ್ಕೆ ರೈತರು ಗುಂಡಿ ತೋಡಿ ಬೆಂಕಿ ಹಾಕಿ ಎಳೆಜೋಳದ ತೆನೆ ಸುಡುತ್ತಿದ್ದರು. ಸೀತನಿಯ ವಾಸನೆ ಗಾಡಿಯೊಳಕ್ಕೇ ಬಂತು.

"ಸ್ವಾಮೇರ, ಸೀತನಿ ವಾಸನಿ ನೋಡ್ರಿ, ಹೊಟ್ಟಿ ಚುರ್ ಅಂತು" ಅಂದ ಪಕ್ಕೀರಪ್ಪ.

"ಹೌದಪ್ಪಾ, ಭಾಳ ಛಂದ ಬರ್ಲಿಕ್ಕತ್ತದ" ಅಂದು ಭಾವ ಬಲಕ್ಕೆ ತಿರುಗಿ ನೋಡಿದರು. ಬಲಕ್ಕೆ ಬರಿಯ ಕರಿ ಹೊಲ.

ಸ್ವಲ್ಪ ದೂರ ಹೋದ ಮೇಲೆ ಅವರೇ ಬಾಯಿ ಬಿಟ್ಟರು. "ವಿಠ್ಠಲಾ, ಈ ಮದುವಿ ಆದಮ್ಯಾಲೆ ನಾನು ಅಡಿಗಿ ಬಿಡ್ತೀನಿ. ವಯಸ್ಸಾತು."

"ಐವತ್ತಾರು ಏನು ವಯಸ್ಸು ಭಾವಾ?"

"ಬಿಡ್ತೀನಿ ಅಂದೆ. ಅದಕ್ಕ ಮೊದಲ ಗಿಡ್ಡಮ್ಮನ ಮನಿಗೊಮ್ಮೆ ಹೋಗಬೇಕು. ಹದಿನಾಲ್ಕು ವರ್ಷದಿಂದ ಕರೀಲಿಕ್ಕತ್ತಾರ. ಅಡಿಗಿ ಬಿಟ್ಟಮ್ಯಾಲೆ ಈ ಕಡೆ ಯಾರು ಕರಕೊಂಡು ಬರ್ತಾರ?"

ಗಿಡ್ಡಮ್ಮ ಮತ್ತು ಅವಳ ಗಂಡ ಎರ್ರೆಪ್ಪ ಸಿರುಗುಪ್ಪದ ಹೊಳೆಯ ನಡುಗಡ್ಡೆಯ ಒಕ್ಕಲಿನವರು. ಧಾತು ವರ್ಷದ ಬರದಲ್ಲಿ ಹೊಳೆಯೇ ಬತ್ತಿದಾಗ ನಡೆದುಕೊಂಡು ಬಳ್ಳಾರಿಗೆ ಬಂದು, ಭಾವ ಗಂಜಿ ಕಾಯಿಸುತ್ತಿದ್ದ ಸರಕಾರದ ಗಂಜಿಮನೆಯಲ್ಲಿ ನೀರು ಹೊತ್ತು, ಸೌದೆ ಒಡೆದು ಎಂಟು ತಿಂಗಳು ಇದ್ದರು. ಎಲ್ಲ ಜಾತಿಯವರೂ ಉಣ್ಣಬೇಕಲ್ಲ, ಅದಕ್ಕೆ ಅಲ್ಲಿ ಒಲೆಯ ಮುಂದೆ ಬ್ರಾಹ್ಮಣರು. ದಿನಕ್ಕೆ ಎರಡು ಸಾವಿರ ಜನ, ಅವರಲ್ಲಿ ನಾಳೆಗೆ ಎಷ್ಟು ಜನ ಎದ್ದು ಬರುತ್ತಾರೋ ಯಾರಿಗೂ ಗೊತ್ತಿಲ್ಲ. ಆ ಎಂಟು ತಿಂಗಳಲ್ಲಿ ಭಾವ ನಕ್ಕದ್ದೆಲ್ಲ ಗಿಡ್ಡಮ್ಮನ ಮಾತಿಗೆ. ಮಳೆಯಾದ ಮೇಲೆ ಅವರು ಊರಿಗೆ ಹೋದರು. ವರ್ಷಕ್ಕೊಂದು ಸಲ ಯಾರದೋ ಗಾಡಿಯಲ್ಲಿ ಅವರ ಕುಂಬಳಕಾಯಿ ನಮ್ಮ ಮನೆಗೆ ಬರುತ್ತಿತ್ತು, ಭಾವ ಮುಂದಿನ ವರ್ಷ ಬರುತ್ತೇನೆಂದು ಹೇಳಿಕಳಿಸುತ್ತಿದ್ದರು.

ಮೂರನೆಯ ದಿನ ಬೆಳಿಗ್ಗೆ ಸಿರುಗುಪ್ಪ ತಲುಪಿ, ಕೊಪ್ಪರಿಗೆ ಸಾಮಾನು ಮದುವೆ ಮನೆಯಲ್ಲಿ ಇಳಿಸಿ, ನಾವಿಬ್ಬರೂ ಹೊಳೆಗೆ ಬಂದೆವು. ಸುದ್ದಿ ಮೊದಲೇ ಹೋಗಿತ್ತು. ಎರ್ರೆಪ್ಪ ಹರಗೋಲು ತಂದು ಕಾದಿದ್ದ. ನಾನು ನೀರಿನ ಮೇಲೆ ಧೈರ್ಯಸ್ಥನಲ್ಲ. ಆ ತೊಗಲಿನ ಬುಟ್ಟಿ ಗರಗರ ತಿರುಗಿದಾಗಲೆಲ್ಲ ಭಾವನ ಧೋತರ ಹಿಡಿದುಕೊಂಡೆ. ಆಚೆ ದಂಡೆಯಲ್ಲಿ ಗಿಡ್ಡಮ್ಮ ನಿಂತಿದ್ದಳು. ಹೆಸರು ಗಿಡ್ಡಮ್ಮ, ಆಳು ನನಗಿಂತ ಒಂದು ಗೇಣು ಎತ್ತರ.

"ಬರ್ರಿ ಸ್ವಾಮೇರ. ನೀವು ಬರೋದ್ರೊಳಗ ನಾವು ಮಣ್ಣಾಗಿರ್ತೀವಿ ಅನ್ಕಂಡಿದ್ದೆ."

"ನೀ ಇನ್ನೂ ಹಂಗ ಇದ್ದೀಯಲ್ಲ ಗಿಡ್ಡವ್ವಾ."

"ನಾನು ಅದೀನ್ರಿ. ಹಲ್ಲು ಮಾತ್ರ ಹೊಳಿಗೆ ಹಾಕೀನಿ."

ಭಾವ ನಕ್ಕರು. ಒಂದೂವರೆ ವರ್ಷದಲ್ಲಿ ಅಂಥ ನಗು ನಾನು ಕಂಡಿರಲಿಲ್ಲ.

ಹುಣಸೆ ಮರದ ಕೆಳಗೆ ಸೆಗಣಿ ಸಾರಿಸಿ, ರಂಗೋಲಿ ಹಾಕಿ, ಹೊಸ ಮಣ್ಣಿನ ಗಡಿಗೆ, ಅಕ್ಕಿ, ತೊಗರಿಬೇಳೆ, ಕುಂಬಳಕಾಯಿ, ಹುಣಸೆಹಣ್ಣು, ಉಪ್ಪು ಎಲ್ಲ ಇಟ್ಟು ಅವರಿಬ್ಬರೂ ದೂರದ ಕಟ್ಟೆಯ ಮೇಲೆ ಹೋಗಿ ಕೂತರು. ಅವರು ಮಾಡಿದ್ದನ್ನು ನಾವು ಉಣ್ಣುವಂತಿಲ್ಲ, ನಾವು ಮಾಡಿದ್ದನ್ನು ಅವರು ಉಣ್ಣಬಹುದು. ಹೀಗಾಗಿ ಅವರ ಮನೆಗೆ ನೆಂಟರಾಗಿ ಹೋಗಿ ನಾವೇ ಬೆವರು ಸುರಿಸುವುದಾಯಿತು. ನಾನು ಗೊಣಗಿದೆ. ಭಾವ ಸಂಭ್ರಮದಿಂದ ಹೊಳೆಯಲ್ಲಿ ಮುಳುಗಿ ಒದ್ದೆ ಧೋತರದಲ್ಲೇ ಒಲೆ ಹೊತ್ತಿಸಿದರು.

ಅನ್ನ, ಸಾರು, ಕುಂಬಳಕಾಯಿ ಪಲ್ಯ. ನೈವೇದ್ಯ ಮಾಡಿ, ಮುತ್ತುಗದ ಎಲೆ ಹಾಸಿ, ಭಾವನೇ ಬಡಿಸಿದರು. ಹಳ್ಳಿಯ ಊಟ, ಎಲೆಗೆ ಉಪ್ಪು ಹಾಕುವುದು ನನಗೂ ಹೊಳೆಯಲಿಲ್ಲ. ಎರ್ರೆಪ್ಪ ಒಂದು ತುತ್ತು ಬಾಯಿಗಿಟ್ಟು ನೆಲ ನೋಡಿದ, ಮತ್ತೊಂದು ತುತ್ತು ಇಟ್ಟ. ಗಿಡ್ಡಮ್ಮ ಕೈ ನಿಲ್ಲಿಸಿದಳು.

"ಸ್ವಾಮೇರ, ತಪ್ಪು ತಿಳೀಬ್ಯಾಡ್ರಿ. ಸಾರಿಗೆ ಉಪ್ಪು ಸಾಲಲ್ಲ. ಪಲ್ಲೇಕಂತೂ ಇಲ್ಲೇ ಇಲ್ಲ."

"ಏ, ಸುಮ್ಕಿರಲೇ" ಅಂದ ಎರ್ರೆಪ್ಪ.

"ಯಾಕ ಸುಮ್ಕಿರಬೇಕು? ನಾಳಿ ಮುನ್ನೂರು ಮಂದಿ ಮುಂದ ಅನ್ನಿಸ್ಕೊಳ್ಳೋದ್ಕಿಂತ ಇವತ್ತು ನನ್ನ ಕೂಡ ಅನ್ನಿಸ್ಕೊಳ್ಳಲಿ."

ಭಾವ ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ನಿನಗ ಗೊತ್ತಿತ್ತು."

"ಗೊತ್ತಿತ್ತು ಭಾವಾ."

"ಎಂದಿನಿಂದ?"

"ಸಾಸಿವಿ ಹೊತ್ತಿದ ದಿನದಿಂದ."

"ಊರವರಿಗೆ?"

ಹೇಳಿದೆ. ಎಲೆಯ ಉಪ್ಪು, ಎರಡನೆಯ ಸಲ ಬಟ್ಟಲು ಹಿಡಿದು ಓಡಾಡುವುದು, ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಸಿಟ್ಟು ಬಂತು. "ನಾನು ಹೆಂಗ ಹೇಳಬೇಕಿತ್ತು? ನೀವು ಹೇಳಬೇಕಿತ್ತು" ಅಂದೆ. ನಾಚಿಕೆ ಹೆಚ್ಚಾದಾಗ ನನಗೆ ಸಿಟ್ಟು ಬರುತ್ತದೆ, ಅದು ನನ್ನ ಕೆಟ್ಟ ಗುಣ.

ಭಾವ ಎದ್ದು ನೀರಿನ ಅಂಚಿಗೆ ಹೋಗಿ ನಿಂತರು. ಹಿಂದೆಯೇ ಹೋದೆ. ಅವರ ಕಣ್ಣಲ್ಲಿ ನೀರಿತ್ತು. "ಸುಟ್ಟದ್ದು ತಿಳಿಯೋದಿಲ್ಲ, ಹಸೀದು ತಿಳಿಯೋದಿಲ್ಲ ವಿಠ್ಠಲಾ. ನಾಲಿಗಿಗೂ ಉಪ್ಪು ಹುಳಿ ಹತ್ತೋದಿಲ್ಲ, ಉಂಡರ ಬಿಸಿ ಮಣ್ಣು ಉಂಡಂಗ ಆಗ್ತದ. ಅದು ಹೋಗಲಿ. ಮಂದಿ ನನಗ ಭಿಕ್ಷಾ ಹಾಕಿದಂಗ ಸುಮ್ಮನಿದ್ದರಲ್ಲ, ಅದು ತಡೀಲಿಕ್ಕೆ ಆಗೋದಿಲ್ಲ. ನಾಳೆ ಆ ಮುದುಕಿ ಸುಮ್ಮನಿರ್ತಾಳೇನು? ವೀಳ್ಯ ತಗೊಂಡೀನಿ, ಈಗ ಯಾವ ಮುಖ ಇಟಗೊಂಡು ಒಲ್ಲೆ ಅನ್ನಲಿ?"

ಅಷ್ಟರಲ್ಲಿ ಗಿಡ್ಡಮ್ಮ ಕೈ ತೊಳೆದುಕೊಂಡು ಬಂದು ಹತ್ತು ಮಾರು ದೂರ ನಿಂತಳು. "ಕುದಿಯೋವಾಗ ನನಗ ಗೊತ್ತಾಗಿತ್ರಿ. ಉಪ್ಪು ಬಿದ್ದ ಕುದಿ ವಾಸನಿ ಬ್ಯಾರೆ, ಬೀಳದ್ದು ಬ್ಯಾರೆ. ಸ್ವಾಮೇರು ಮಾಡಾಕತ್ತಾರ, ಏನೋ ವ್ರತ ಇರಬೇಕು ಅಂತ ಬಾಯಿ ಮುಚ್ಕಂಡೆ."

ಭಾವ ತಿರುಗಿದರು. "ಅಲ್ಲಿ ಕೂತು ಗೊತ್ತಾತೇನು? ಆ ಕಟ್ಟಿ ಮ್ಯಾಲಿಂದ?"

"ಈಕಿ ಮೂಗಿನ ಸುದ್ದಿ ಕೇಳಬ್ಯಾಡ್ರಿ" ಅಂದ ಎರ್ರೆಪ್ಪ. "ಯಾರ ಮನ್ಯಾಗ ಏನು ಬೇಯಾಕತ್ತೈತಿ ಅಂತ ಮನಿಯಾಗ ಕುಂತು ಹೇಳ್ತಾಳ. ಅದಕ ಓಣ್ಯಾಗಿನ ಹೆಂಗಸ್ರು ಈಕಿ ಕಂಡ್ರ ಮಾರಿ ತಿರುವ್ತಾರ."

ಭಾವ ಸರಸರ ನಡೆದು, ಉಳಿದ ಸಾರಿನ ಗಡಿಗೆಯನ್ನು ಮತ್ತೆ ಒಲೆಯ ಮೇಲಿಟ್ಟರು. ಕುದಿ ಬಂತು. ಗಿಡ್ಡಮ್ಮ ಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿದಳು. ಭಾವ ಚಿಟಿಕೆ ಚಿಟಿಕೆ ಉಪ್ಪು ಹಾಕುತ್ತಾ ಹೋದರು. "ಇನ್ನಷ್ಟು... ಇನ್ನೊಂದು ಚೂರು... ಸಾಕ್ರಿ, ಸಾಕು." ನೈವೇದ್ಯವಾದ ಸಾರು, ರುಚಿ ನೋಡಲು ಅಡ್ಡಿಯಿಲ್ಲ. ಅಂಗೈಗೆ ಹಾಕಿಸಿಕೊಂಡು ಕುಡಿದೆ. ಅದು ನಮ್ಮ ಭಾವನ ಸಾರು. ಒಂದೂವರೆ ವರ್ಷದ ಹಿಂದಿನ ಸಾರು. ಇನ್ನೊಮ್ಮೆ ಕೈ ಒಡ್ಡಿದೆ.

"ಗಿಡ್ಡವ್ವಾ, ನಾಳೆ ನಮ್ಮ ಜೋಡಿ ಬರ್ತೀಯೇನು?" ಅಂದರು ಭಾವ.

ನಾನು ಹೌಹಾರಿದೆ. "ತಲಿ ನೆಟ್ಟಗದ ಏನು ಭಾವಾ? ಆ ಮುದುಕಿ ಮಡಿ ಅಂದ್ರ ಏನಂತ ಗೊತ್ತಿಲ್ಲೇನು? ಅಡಿಗಿ ಚಪ್ಪರದ ಹತ್ತಿರ ಈಕಿನ್ನ ಕಂಡರ ನಮ್ಮಿಬ್ಬರನ್ನೂ ಒಲ್ಯಾಗ ಇಡ್ತಾಳ."

"ನಾನು ಚಪ್ಪರದಾಗ ಬರಂಗಿಲ್ರಿ" ಅಂದಳು ಗಿಡ್ಡಮ್ಮ. "ದೂರ ನಿಲ್ತೀನಿ. ಬರದಾಗ ನೀವು ನನಗ ಗಂಜಿ ಹಾಕುವಾಗ ಇಷ್ಟು ಲೆಕ್ಕ ಹಾಕಲಿಲ್ಲಲ್ರಿ."

ಮರುದಿನ ಬೆಳಕು ಹರಿಯುವುದರೊಳಗೆ ಒಲೆಗಳು ಹೊತ್ತಿದವು. ಹಿತ್ತಲಲ್ಲಿ ಅಡುಗೆಯ ಚಪ್ಪರ, ಅದರಾಚೆ ಗಿಡ್ಡ ಮಣ್ಣಿನ ಗೋಡೆ, ಗೋಡೆಯ ಆಚೆ ಒಂದು ಬೇವಿನ ಮರ. ಗಿಡ್ಡಮ್ಮ ಬೇವಿನ ಬುಡದಲ್ಲಿ. ಚಪ್ಪರದಿಂದ ಕೂಗಿ ಕೇಳುವಂತಿಲ್ಲವಲ್ಲ, ಅದಕ್ಕೆ ನಾನೇ ಗೋಡೆಯ ತನಕ ಓಡುವುದು, ಅವಳು ಹೇಳಿದ್ದನ್ನು ತಂದು ಭಾವನ ಕಿವಿಗೆ ಹಾಕುವುದು. ಹುಳಿಗೊಂದು ಸಲ, ಸಾರಿಗೆ ಮೂರು ಸಲ. ಆ ವಯಸ್ಸಿನಲ್ಲಿ ನನಗೆ ಏದುಸಿರು ಬಂತು.

ಐದನೆಯ ಸಲ ಹಿಂತಿರುಗುವಾಗ ತಿರುಮಲಮ್ಮ ದಾರಿಗಡ್ಡ ನಿಂತಿದ್ದರು. "ಏನೋ ವಿಠ್ಠಲಾ, ಮುಂಜಾನಿಂದ ಗ್ವಾಡಿಗೆ ಪ್ರದಕ್ಷಿಣಿ ಹಾಕ್ಲಿಕ್ಕತ್ತೀಯಲ್ಲ? ಯಾರದು ಆಕಡೆ?"

ನಾನು ಕರಿಬೇವು ಅಂದೆನೋ, ಬೇವು ಅಂದೆನೋ, ಏನೋ ತೊದಲಿದೆ. ಭಾವ ಸಟ್ಟುಗ ಕೆಳಗಿಟ್ಟು ಮುಂದೆ ಬಂದರು.

"ಅವ್ವಾ, ಜ್ವರ ಬಂದಾಗಿನಿಂದ ನನಗ ವಾಸನಿ ತಿಳಿಯೋದಿಲ್ಲ. ವೀಳ್ಯ ತಗೊಳ್ಳುವಾಗ ಹೇಳಲಿಲ್ಲ, ತಪ್ಪು ನಂದು. ಆಕಿ ಗಿಡ್ಡಮ್ಮ, ನಡುಗಡ್ಡಿಯಾಕಿ, ನನ್ನ ಹಳೇ ಗೆಳತಿ. ಅಡಿಗಿ ನಾನು ಮಾಡ್ಲಿಕ್ಕತ್ತೀನಿ, ಹದ ಆಕಿ ಹೇಳ್ಲಿಕ್ಕತ್ತಾಳ. ಬ್ಯಾಡ ಅಂದರ ಈಗ ಹೇಳ್ರಿ, ಒಲಿ ಬಿಟ್ಟು ಹೋಗ್ತೀನಿ."

ಒಳಗೆ ವಾದ್ಯ ಶುರುವಾಗಿತ್ತು. ಮುನ್ನೂರು ಎಲೆ ತೊಳೆದಿಟ್ಟಿದ್ದವು. ತಿರುಮಲಮ್ಮ ಗೋಡೆಯ ಹತ್ತಿರ ಹೋದರು.

"ಏನವ್ವಾ, ಪಾತ್ರಿ ಮುಟ್ಟೀಯೇನು?"

"ಇಲ್ರಿ ಅವ್ವಾರ."

"ಗ್ವಾಡಿ ದಾಟಿ ಬಂದೀಯೇನು?"

"ಇಲ್ರಿ. ಗಾಳಿಗೆ ಬರತೈತ್ರಿ."

"ಈಗ ಏನು ಬರ್ಲಿಕ್ಕತ್ತದ?"

ಗಿಡ್ಡಮ್ಮ ಕಣ್ಣು ಮುಚ್ಚಿದಳು. "ಆ ಕಡೀ ಒಲಿ ಮ್ಯಾಲಿನ ಹುಳಿಗೆ ಬೆಲ್ಲ ಇನ್ನ ಬಿದ್ದಿಲ್ರಿ."

ತಿರುಮಲಮ್ಮ ನನ್ನ ಕಡೆ ನೋಡಿದರು. ಬಿದ್ದಿರಲಿಲ್ಲ, ಬೆಲ್ಲದ ಉಂಡೆ ನನ್ನ ಕೈಯಲ್ಲೇ ಇತ್ತು. ಮುದುಕಿ ತಲೆಯ ಮೇಲಿನ ಸೆರಗಿನ ತುದಿಯನ್ನು ಬೆರಳಿನಲ್ಲಿ ಎತ್ತಿ ಹಿಡಿದು ಗಾಳಿ ಯಾವ ಕಡೆ ಬೀಸುತ್ತಿದೆಯೆಂದು ನೋಡಿದರು. ತುದಿ ಗೋಡೆಯ ಕಡೆಗೆ ಹಾರಿತು.

"ಗಾಳಿ ನಮ್ಮ ಕಡಿಂದ ಆಕಿ ಕಡೆ ಹೋಗ್ಲಿಕ್ಕತ್ತದ" ಅಂದರು. "ಆಕಿ ಕಡಿಂದ ನಮ್ಮ ಕಡೆ ಬರ್ಲಿಕ್ಕತ್ತಿಲ್ಲ. ಮೈಲಿಗಿ ಆಗ್ಲಿಕ್ಕೆ ಏನದ ಇದರಾಗ? ಗಾಳಿ ತಿರುಗಿದರ ಮಾತ್ರ ಆಕಿನ್ನ ಬಾವಿ ಕಡೆ ಕೂಡಸ್ರಿ. ಹೋಗೋ, ಬೆಲ್ಲ ಹಾಕು."

ನಾನು ಬದುಕಿದೆ ಅಂದುಕೊಂಡು ಓಡಿದೆ.

ಪಂಕ್ತಿಯ ಊಟ ಹೇಗಾಯಿತೆಂದು ನಾನೇ ಹೇಳಿಕೊಳ್ಳುವುದು ಚೆಂದವಲ್ಲ. ಬೀಗರ ಕಡೆಯ ಒಬ್ಬರು ಮೂರು ಸಲ ಸಾರು ಹಾಕಿಸಿಕೊಂಡರು. ಕೈ ತೊಳೆಯುವಾಗ ತಿರುಮಲಮ್ಮ ಭಾವನಿಗೆ, ವೈಶಾಖದಲ್ಲಿ ಮೊಮ್ಮಗನ ಮುಂಜಿ, ಅದಕ್ಕೂ ನೀವೇ ಬರಬೇಕು ಅಂದರು. ಭಾವ ಹೂಂ ಅನ್ನಲಿಲ್ಲ, ಉಹುಂ ಅನ್ನಲಿಲ್ಲ. ನಾನು ಅವರ ಮುಖ ನೋಡಿದೆ. ಅಲ್ಲಿ ದಣಿವು ಬಿಟ್ಟರೆ ಏನೂ ಇರಲಿಲ್ಲ.

ಅಡುಗೆಯವರ ಊಟ ಕೊನೆಗೆ. ಮಧ್ಯಾಹ್ನ ಇಳಿದ ಮೇಲೆ ಗೋಡೆಯ ಈಚೆ ನನಗೂ ಭಾವನಿಗೂ ಎಲೆ ಹಾಕಿಕೊಂಡೆ. ಗೋಡೆಯ ಆಚೆ ಗಿಡ್ಡಮ್ಮನಿಗೂ ಅವಳನ್ನು ಕರೆದೊಯ್ಯಲು ಬಂದಿದ್ದ ಎರ್ರೆಪ್ಪನಿಗೂ ಬಡಿಸಿ ಬಂದೆ. ನಮ್ಮಲ್ಲಿ ಉಣ್ಣುವಾಗ ಮಾತಾಡುವ ಪದ್ಧತಿಯಿಲ್ಲ. ಭಾವನಂತೂ ಎಲೆಯ ಮುಂದೆ ಕೂತು ಒಂದು ಶಬ್ದ ಆಡಿದ್ದು ನಾನು ಕೇಳಿದ್ದಿಲ್ಲ. ಎರಡು ತುತ್ತು ತಿಂದು ಅನ್ನವನ್ನು ಸುಮ್ಮನೆ ಕಲಸುತ್ತಾ ಕೂತರು. ಜ್ವರದ ನಂತರ ಅವರ ಊಟ ಅಷ್ಟೇ. ಮೈ ಇಳಿದು ಜನಿವಾರ ಸಡಿಲವಾಗಿತ್ತು.

ಗೋಡೆಯಾಚೆಯಿಂದ ಧ್ವನಿ ಬಂತು. "ಸ್ವಾಮೇರ, ಸಾರು ಉಂಡ್ರೇನು?"

ಭಾವ ಕಲಸುವ ಕೈ ನಿಲ್ಲಿಸಿ, "ಉಣ್ಲಿಕ್ಕತ್ತೀನವ್ವಾ" ಅಂದರು. "ಹೆಂಗಾಗ್ಯದ?"

"ಕೈಯಾಗ ತಗಳ್ರಿ, ಹೇಳ್ತೀನಿ." ಭಾವ ತುತ್ತು ಎತ್ತಿಕೊಂಡರು. "ಮೊದ್ಲು ಇಂಗು ಬರತೈತ್ರಿ, ಮೂಗಿನ ತುದೀಗೆ. ಅದರ ಬೆನ್ನಿಗೆ ಮೆಣಸು ಸಣ್ಣಗ. ಬ್ಯಾಳಿ ವಾಸನಿ ಹಸುಗೂಸಿನ ನೆತ್ತಿ ಇರತೈತಲ್ರಿ, ಹಂಗ. ಕರಿಬೇವು ಕೊನೀಗೆ ಉಳೀತೈತಿ. ಬಾಯಾಗ ಹಾಕ್ಕಳ್ರಿ ಈಗ."

ಭಾವ ಬಾಯಿಗಿಟ್ಟರು. ಮೆಲ್ಲಗೆ ಅಗಿದರು.

"ಪಲ್ಲೇ?" ಅಂದರು.

ಅವಳು ಪಲ್ಯ ಹೇಳಿದಳು. ಹುಳಿ ಹೇಳಿದಳು, ಹೋಳಿಗೆಯ ಹೂರಣದಲ್ಲಿ ಏಲಕ್ಕಿ ಎಲ್ಲಿ ಕೂತಿದೆ, ತುಪ್ಪ ಎಷ್ಟು ಹೊಸದು ಎಂದು ಹೇಳಿದಳು. ಅವಳು ಒಂದೊಂದನ್ನೇ ಹೇಳಿದಂತೆ ಭಾವ ಒಂದೊಂದನ್ನೇ ಉಂಡರು, ಎಲ್ಲಿಯೂ ಅವಸರ ಮಾಡದೆ, ಕಣ್ಣು ಮುಚ್ಚಿಕೊಂಡು.

"ವಿಠ್ಠಲಾ" ಅಂದರು ಭಾವ, ಕಣ್ಣು ತೆರೆಯದೆ. "ಇನ್ನಷ್ಟು ಅನ್ನ ಹಾಕು. ಸಾರು ಹಾಕು. ಆಮ್ಯಾಲೆ ತಿರುಮಲಮ್ಮನವರಿಗೆ ಹೇಳಿ ಬಾ, ವೈಶಾಖದಾಗ ಬರ್ತೀವಿ ಅಂತ. ಅಡಿಗಿಯವರು ಮೂರು ಮಂದಿ ಅಂತ ಹೇಳು."